ಮೂಗಿಗೆ ತುಪ್ಪ

ಆಪರೇಷನ್ ಥಿಯೇಟರಿಗೆ ಸೇರಿದ ದಿನವೇ ಮೂಗುತಿ ಬಿಚ್ಚಿಸಿದರು.
ಹನ್ನೊಂದು ವರ್ಷ. ತೂತು ತಾನೇ ಮುಚ್ಚಿಕೊಂಡು
ಎಳ್ಳಿನಷ್ಟು ಗುರುತು ಉಳಿದಿದೆ.
ನನ್ನ ಮೂಗಿಗೂ ಚಿನ್ನಕ್ಕೂ ಲೆಕ್ಕ ಚುಕ್ತಾ
ಅಂದುಕೊಂಡಿದ್ದೆ.

ಆಮೇಲೆ ಚನ್ನಂಕಯ್ಯನ ಹೊಲಿಗೆ ಕೀವಾಯಿತು.
ಹಾಸನದ ಆಲೂಗೆಡ್ಡೆ ಮಂಡಿಯಲ್ಲಿ ಮೂಟೆ ಹೊರುವ ಮೈ,
ಹರ್ನಿಯಾ, ಒಂದು ಗಂಟೆಯ ಕೆಲಸ.
ಕತ್ತರಿ ಎಣಿಸಿ ಕೊಟ್ಟವಳು ನಾನು,
ಬಟ್ಟೆ ಎಣಿಸಿ ವಾಪಸು ಪಡೆದವಳು ನಾನು.
ಐದನೇ ದಿನ ಗಾಯ ಬಾಯಿ ಬಿಟ್ಟಿತು.
ಅದೇ ತಿಂಗಳು ಇನ್ನೂ ಇಬ್ಬರದು.

ಎಲ್ಲರ ಮೂಗೂ ನೋಡಿ, ಎಂದರು ಮೇಲಿನವರು.
ಸಾಲು ನಿಂತೆವು: ಸರ್ಜನ್, ಅರಿವಳಿಕೆಯವರು,
ನಾನು, ನನ್ನ ಹಿಂದೆ ನೆಲ ಒರೆಸುವ ತಿಮ್ಮಕ್ಕ.
ಲ್ಯಾಬಿನ ಇರ್ಫಾನಾ ಹತ್ತಿ ಸುತ್ತಿದ ಕಡ್ಡಿ ತೂರಿಸಿ
ಎಡ ಹೊಳ್ಳೆಯಲ್ಲಿ ಐದು ಸುತ್ತು, ಬಲದಲ್ಲಿ ಐದು.
ಕಣ್ಣಲ್ಲಿ ನೀರು.
"ಇದು ಮೂಗಿನ ಅಳು ದೇವಿ ಸಿಸ್ಟರ್, ನಿಮ್ಮದಲ್ಲ."

ಕುರಿಯ ರಕ್ತ ಬೆರೆಸಿದ ತಟ್ಟೆ,
ಮೂವತ್ತೇಳು ಡಿಗ್ರಿ, ಒಂದು ರಾತ್ರಿ.
ಬೆಳಿಗ್ಗೆ ಕರೆದಳು: ಬನ್ನಿ, ನಿಮ್ಮವರನ್ನು ನೋಡಿ.
ಕೆಂಪು ಹಾಸಿನ ಮೇಲೆ ಸಾಸಿವೆಯಷ್ಟು, ನುಣ್ಣಗೆ, ಹೊಂಬಣ್ಣ.
ಒಂದೊಂದರ ಸುತ್ತಲೂ ರಕ್ತ ಕರಗಿ ತಿಳಿಯಾಗಿತ್ತು.
ನಿಜ ಹೇಳುತ್ತೇನೆ, ಮೊದಲು ಚೆಂದವೆನಿಸಿತು.
ಬಿಚ್ಚಿಟ್ಟ ಮೂಗುತಿ
ಒಳದಾರಿ ಹಿಡಿದು ಬಂದು ಕೂತಿತ್ತು.

ಹತ್ತು ಜನರಲ್ಲಿ ಮೂವರಿಗೆ ಇದ್ದೇ ಇರುತ್ತದಂತೆ.
ನೆಗಡಿಯಿಲ್ಲ, ಜ್ವರವಿಲ್ಲ, ಬಾಡಿಗೆಯೂ ಇಲ್ಲ.
ಪಕ್ಕದಲ್ಲಿ ಬೇರೆ ಒಕ್ಕಲು, ಕೆಳಗೆ ಗಂಟಲಲ್ಲಿ ಮತ್ತೊಂದು;
ಕೆಲವರು ಹೊಸಬರನ್ನು ಹೊಸಿಲು ದಾಟಲು ಬಿಡದ ಒಳ್ಳೆಯವರು,
ಕೆಲವರು ಇನ್ನೊಬ್ಬರ ಮೈಯಲ್ಲಿ ಬಿರುಕು ಕಾಣುವ ತನಕ ಒಳ್ಳೆಯವರು.

ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆಗೆದಾಗ
ಹಚ್ಚಿಟ್ಟ ದೀಪ ಆರಿರುವುದಿಲ್ಲ ಎನ್ನುತ್ತಿದ್ದಳು ಅವ್ವ.
ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ.
ಎರಡು ಪದರದ ಮಾಸ್ಕಿನ ಹಿಂದೆ
ಇಷ್ಟು ವರ್ಷ ಆರದೆ ಉಳಿದದ್ದನ್ನು ಕಂಡ ಮೇಲೆ
ಈಗ ಹಾಗೆ ತಲೆಯಾಡಿಸಲು ಬರುತ್ತಿಲ್ಲ.

ನನ್ನಿಂದಲೇ ಹೋಯಿತಾ?
ಇರ್ಫಾನಾ ತಟ್ಟೆ ಮುಚ್ಚಿದಳು. "ಕುಲ ಒಂದೇ.
ಮನೆಯೂ ಒಂದೇ ಅಂತ ಹೇಳುವ ಯಂತ್ರ ನಮ್ಮಲ್ಲಿಲ್ಲ.
ಚನ್ನಂಕಯ್ಯನ ಮೂಗಲ್ಲೂ ಇತ್ತು, ಗೊತ್ತಾ?"
ಈ ಮಾತನ್ನು ಸಮಾಧಾನ ಎಂದುಕೊಳ್ಳಲೋ
ದಿನ ಬಿಟ್ಟು ದಿನ ಯೋಚಿಸುತ್ತೇನೆ.

ಐದು ದಿನ, ದಿನಕ್ಕೆರಡು ಸಲ,
ಎರಡೂ ಹೊಳ್ಳೆಗೆ ಕಾಳಿನಷ್ಟು ಮುಲಾಮು.
ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ.
ಹೋದವರು ಮತ್ತೆ ಬರಬಹುದು ಎಂದಿದ್ದಾರೆ;
ಎಲ್ಲಿಂದ, ಯಾರ ಬೆರಳಿನಿಂದ, ಹೇಳಲಿಲ್ಲ.
ಅಲ್ಲಿಯವರೆಗೆ ಓಪಿಡಿಯಲ್ಲಿ ಚೀಟಿ ಬರೆಯುತ್ತಿದ್ದೇನೆ.

ಮೂರನೇ ದಿನ ವಾರ್ಡಿಗೆ ಹೋದೆ. ಯಾಕೆ ಹೋದೆನೋ.
ಚನ್ನಂಕಯ್ಯ ದಿಂಬಿಗೊರಗಿ ಕೂತು
ಬನ್ನು ಅದ್ದಿಕೊಂಡು ತಿನ್ನುತ್ತಿದ್ದ.
"ಬನ್ನಿ ಸಿಸ್ಟ್ರೇ, ಒಣಗ್ತಾ ಐತೆ ನೋಡಿ" ಎಂದು ಹೊದಿಕೆ ಸರಿಸಿದ.
ಬಾಗಿ ನೋಡುವುದು ಹನ್ನೊಂದು ವರ್ಷದ ಅಭ್ಯಾಸ.
ಬಾಗಲಿಲ್ಲ. ಮಂಚದ ಕಾಲಿನ ಹತ್ತಿರವೇ ನಿಂತೆ.

ಅವನು ಕಣ್ಣು ಕಿರಿದು ಮಾಡಿ ನನ್ನ ಮುಖ ನೋಡಿದ,
ಕಿಟಕಿಯ ಬೆಳಕು ಮುಲಾಮಿನ ಮೇಲೆ ಬಿದ್ದಿರಬೇಕು.
"ಮೂಗುತಿ ಹಾಕ್ಸ್ಕಂಡ್ರಾ ಅವ್ವ? ಹೊಳೀತೈತೆ."

ಉಸಿರು ಬಿಗಿಹಿಡಿದು
ಸುಮ್ಮನೆ ತಲೆಯಾಡಿಸಿದೆ.