ಎರಡನೇ ಗೇರು

ಜೋಗಿಮಟ್ಟಿಯ ಬೆನ್ನ ಮೇಲೆ ಫ್ಯಾನು ತಿರುಗುತ್ತವಲ್ಲ,
ಅವುಗಳ ಕಾಲಬುಡಕ್ಕೆ ರಿಪೇರಿ ಹುಡುಗರನ್ನು
ದಿನಾ ಹತ್ತಿಸಿ ಇಳಿಸುವುದು ನನ್ನ ಬಾಡಿಗೆ.
ಐದು ಜನ, ಎರಡು ಸುರುಳಿ ಹಗ್ಗ, ಗ್ರೀಸ್ ಡಬ್ಬಿ,
ಒಂದು ಬುತ್ತಿ ಚೀಲ, ಅದರಲ್ಲಿ ಯಾರದೋ ಶೇಂಗಾ ಚಟ್ನಿಯ ಘಮ.

ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿತ್ತು ಜೀಪು.
ಯುಗಾದಿ ಕಳೆದ ಮೇಲೆ ಎರಡಕ್ಕಿಳಿಯಿತು.
ಕಾರಹುಣ್ಣಿಮೆ ಹೊತ್ತಿಗೆ ಎರಡರಲ್ಲೂ ಏದುಸಿರು.
ಕೊನೇ ತಿರುವಲ್ಲಿ ಹುಡುಗರು ಇಳಿದು ನಡೆದರು
ಕರಿ ಹೊಗೆ ಕುಡಿಯುತ್ತ, ಮಾತಿಲ್ಲದೆ,
ಹೆಣದ ಹಿಂದೆ ಹೋಗುವವರಂತೆ.

ಸ್ಟ್ಯಾಂಡಿನಲ್ಲಿ ಎಲ್ಲರೂ ಪಂಡಿತರೇ.
ಪಂಪು ಬದಲಿಸು ಎಂದ ಬೋಸಣ್ಣ.
ಟ್ಯಾಂಕಿಗೆ ಸುರಿಯುವ ಕೆಂಪು ಔಷಧಿಯಿದೆ,
ಆನೆಬಲ ಬರುತ್ತೆ ಎಂದ ಲಗೇಜ್ ಆಟೋದ ಗಾದ್ರಪ್ಪ.
ಮಾರಿಬಿಡು ಎಂದಳು ಮನೆಯಾಕೆ,
ರೊಟ್ಟಿ ತಟ್ಟುತ್ತ, ತಲೆ ಎತ್ತದೆ.
ಬಾಟಲಿ ತಂದೆ. ಸುರಿದೆ. ನಾನೂರೈವತ್ತು ರೂಪಾಯಿ
ಹೊಗೆಯಾಗಿ ಹೋಯಿತು, ಸ್ವಲ್ಪ ನೀಲಿಯಾಗಿ.

ಮೆದೇಹಳ್ಳಿ ರಸ್ತೆಯ ದಸ್ತಗೀರ್ ಬಾನೆಟ್ ಎತ್ತಲಿಲ್ಲ.
ಚಹಾ ಹೀರುತ್ತ ಗಾಡಿಗೆ ಒಂದು ಸುತ್ತು ಬಂದ,
ಹಸು ಕೊಳ್ಳುವವನ ಹಾಗೆ.
ಹಿಂದಿನ ಚಕ್ರಕ್ಕೆ ಅಂಗೈ ಇಟ್ಟು,
“ಬ್ರೇಕು ಹಿಡ್ಕಂಡೈತೆ. ನೀನು ಓಡಿಸ್ತೀಯ, ಇದು ತಡೀತೈತೆ.
ಹಾಕೋದು ಏನಿಲ್ಲ ಪಾಲಯ್ಯ, ತೆಗಿಯೋದೈತೆ.”

ತೆಗೆದ.
ಏರ್ ಫಿಲ್ಟರಿನ ಎಣ್ಣೆ ಬೋಗುಣಿಯಿಂದ
ಕೆರೆಯ ಹೂಳಿನಂಥ ಮುದ್ದೆ.
ಬೆರಳಲ್ಲಿ ಉಜ್ಜಿ ನೋಡಿದೆ: ಗುಡ್ಡದ ಕೆಂಪು ಮಣ್ಣೇ,
ನಾನೇ ಎಬ್ಬಿಸಿದ ಧೂಳು, ನನಗೇ ವಾಪಸ್ಸು.
ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿದಾಗ
ಮೊದಲು ಬಂದದ್ದು ನೀರು, ಅರ್ಧ ಲೋಟ,
ಆಮೇಲೆ ಅಳುಕುತ್ತ ಡೀಸೆಲ್.
ಟ್ಯಾಪೆಟ್ ಸಂದಿಗೆ ಕೂದಲಿನಂಥ ತಗಡು ತೂರಿಸಿ
ಕಣ್ಣು ಮುಚ್ಚಿ ಎಳೆದ.
“ಬಿಗೀನೂ ಅಲ್ಲ, ಸಡಿಲಾನೂ ಅಲ್ಲ,
ಪುಸ್ತಕದಾಗಿನ ನವಿಲುಗರಿ ಎಳೆದಂಗಿರಬೇಕು.”

ಆದರೂ ಸಮಾಧಾನವಿಲ್ಲ ಅವನಿಗೆ.
“ಬಂಕಿನಾಗೆ ಟ್ಯಾಂಕಿನ ಮುಚ್ಚಳ ತೆಗೆದ್ರೆ ಸದ್ದು ಬರ್ತೈತಾ?”
ಬರುತ್ತೆ ಎಂದೆ. ಹುಸ್ಸ್ ಅಂತ. ಎಷ್ಟೋ ದಿನದಿಂದ.
ದಣಿದಿದೆ ಪಾಪ, ನಿಟ್ಟುಸಿರು ಬಿಡುತ್ತೆ ಅಂದುಕೊಂಡಿದ್ದೆ.
ದಸ್ತಗೀರ್ ನನ್ನ ಮುಖ ನೋಡಿದ, ಬಹಳ ಹೊತ್ತು.
“ಬಿಡೋದಲ್ಲ ಮಾರಾಯ, ಎಳ್ಕೊಳ್ಳೋದು.”

ಅಂಗಾತ ಮಲಗಿ ಗಾಡಿಯಡಿ ಸರಿದ.
ಟ್ಯಾಂಕು ಉಸಿರಾಡುವ ಕೊಳವೆ, ಕಿರುಬೆರಳ ಗಾತ್ರ;
ಅದರ ಬಾಯಿಗೆ ಮಣ್ಣು ಮೆತ್ತಿ
ಸಂಸಾರ ಹೂಡಿತ್ತು ಒಂದು ಕಣಜ.
ಹಳೇ ಕ್ಲಚ್ ತಂತಿ ತೂರಿಸಿ ಎಳೆದರೆ
ಮಣ್ಣಿನ ಬಿಲ್ಲೆ, ನಿದ್ದೆಹೋದ ಐದು ಜೇಡ,
ನಡುವೆ ಅಕ್ಕಿಕಾಳಷ್ಟು ಬಿಳಿ ಮರಿಹುಳ.
ಡೀಸೆಲ್ ನಾತದ ಆ ತೊಟ್ಟಿಲಲ್ಲೂ ಬದುಕಿತ್ತು.
ಬಿಸಾಡಲಿಲ್ಲ ಅವನು. ಎಣ್ಣೆ ಡಬ್ಬಿಯ ಮುಚ್ಚಳದಲ್ಲಿ
ಜೇಡಗಳ ಸಮೇತ ಇಟ್ಟ, ಹದಿಮೂರರ ಸ್ಪ್ಯಾನರ್ ಪಕ್ಕ.

ಬಿಲ್ಲು ಕೇಳಿದೆ. ಕಂಪನಿಗೆ ಕೊಡಬೇಕು,
ಸಾಮಾನಿನ ಹೆಸರು ಬರಿ ಎಂದೆ.
ಕಿವಿಯ ಪೆನ್ಸಿಲ್ ತೆಗೆದು ಯೋಚಿಸಿ ಬರೆದ:
ಮಣ್ಣು, ನೀರು, ಗಾಳಿ. ಆರುನೂರು.

ಮರುದಿನ ಮೂರನೇ ಗೇರು.
ಕೊನೇ ತಿರುವಿನಲ್ಲಿ ಅಭ್ಯಾಸಕ್ಕೆ
ಬಾಗಿಲ ಮೇಲೆ ಕೈಯಿಟ್ಟ ಹುಡುಗರು
ಹಾಗೇ ಕೂತರು, ಏನೋ ಕಳಕೊಂಡವರಂತೆ.
ಕಾಂತರಾಜು ಮೇಲೆ ನೋಡುತ್ತ ಹೇಳಿದ:
ರೆಕ್ಕೆಯ ಅಂಚಿಗೆ ಹುಳ ಬಡಿದು ಅಂಟಿ ಅಂಟಿ
ಏಳನೇ ನಂಬರು ಕರೆಂಟು ಕಮ್ಮಿ ಕೊಡ್ತಿದೆ ಅಣ್ಣ,
ಇವತ್ತು ಹಗ್ಗದಲ್ಲಿ ಜೋತು ಅದನ್ನ ತೊಳೀಬೇಕು.

ಹದಿನೈದು ದಿನ ಬಿಟ್ಟು ಗ್ರೀಸ್ ಹೊಡೆಸಲು ಹೋದಾಗ
ಮುಚ್ಚಳ ನೋಡಿದೆ. ಜೇಡವೂ ಇಲ್ಲ, ಹುಳವೂ ಇಲ್ಲ.
ಹಾರಿತಾ, ಇರುವೆ ಒಯ್ದವಾ, ಕೇಳಿದೆ.
ಯಾರದೋ ಲಾರಿಯಡಿಯಿಂದ ದಸ್ತಗೀರ್:
“ಇನ್ನೊಂದು ಕೊಳವೆ ಹುಡುಕ್ತಿರ್ತೈತೆ ಬಿಡು.
ನಿಂದರ ಬಾಯಿಗೆ ಜಾಲರಿ ಕಟ್ಟಿದೀಯ?”

ಕಟ್ಟಿರಲಿಲ್ಲ.