ಹಲಗೆ

ಮೊಂಬಾಸಾ ಬಂದರಿನಲ್ಲಿ ನನ್ನ ಮಾತೆಲ್ಲ ಕೈಯಲ್ಲಿ.
ತೋರುಬೆರಳು ಮೇಲೆ ಸುತ್ತಿದರೆ: ಎತ್ತು.
ಮುಷ್ಟಿ ಕಟ್ಟಿದರೆ: ಅಲ್ಲೇ ನಿಲ್ಲು.
ಹದಿನಾಲ್ಕು ವರ್ಷ ಮ್ವಾಕಿಯೊ ಕ್ಯಾಬಿನ್ನಿನೊಳಗಿಂದ
ನನ್ನ ಕೈ ನೋಡಿದ್ದಾನೆ, ಮುಖ ನೋಡಿದ್ದು ಕಡಿಮೆ.

ತನಿಖೆಗೆ ಬಂದವಳು ಒಂದೊಂದಾಗಿ ಕೇಳಿದಳು.
ಹಗ್ಗ ಹರಿಯಿತೆ? ಇಲ್ಲ.
ಕೊಕ್ಕೆ ಕಳಚಿತೆ? ಇಲ್ಲ.
ತೂಕ? ಚೀಟಿಯಲ್ಲಿ ಒಂಬತ್ತು ಟನ್;
ಚೀಟಿ ಬರೆದವರು ತೂಗಿ ಬರೆದಿರಲಿಲ್ಲ.
ಗಾಳಿ? ಕಸ್ಕಾಜಿ ಬೀಸುತ್ತಿತ್ತು, ದಿನಾ ಬೀಸುವಷ್ಟೇ.

ಆಮೇಲೆ ಬಗ್ಗಿ ಕ್ರೇನಿನ ಊರುಗಾಲು ನೋಡಿದಳು.
ಮುಚ್ಚಿದ ಹಳೇ ಚರಂಡಿಯ ಮೇಲೆ, ಬರೀ ಮಣ್ಣಿನಲ್ಲಿ,
ಮೊಣಕಾಲುದ್ದ ಇಳಿದಿತ್ತು.
"ಇದರಡಿಯ ಹಲಗೆ ಎಲ್ಲಿ?"

ಹಲಗೆ
ಗೇಟಿನಾಚೆ ಮ್ಘೋಯಿಯ ಚಹಾದಂಗಡಿಯಲ್ಲಿತ್ತು,
ಎರಡು ಎಣ್ಣೆ ಡಬ್ಬದ ಮೇಲೆ, ನಮ್ಮದೇ ಬೆಂಚಾಗಿ.
ಹೊತ್ತೊಯ್ದಾಗ ಒಂದು ತುದಿ ನಾನು ಹಿಡಿದಿದ್ದೆ.
ನಾಳೆ ತಂದರಾಯಿತು ಅಂದಿದ್ದೆವು.
ಅದರ ಮೇಲೆ ಕೂತು ಎಷ್ಟು ನಾಳೆಗಳನ್ನು
ಚಹಾದಲ್ಲಿ ಅದ್ದಿ ತಿಂದೆವೋ.

ಆ ದಿನ ನಾನು ಮುಷ್ಟಿ ಕಟ್ಟಿದೆ.
ಮ್ವಾಕಿಯೊ ನೋಡಿದ, ನಿಲ್ಲಿಸಿದ.
ನೆಲ ನಿಲ್ಲಲಿಲ್ಲ.

ಎತ್ತಿದ ಭಾರದಡಿ ಹಾಯಬೇಡವೆಂದು
ಹುಡುಗ ಕಟಾನಾಗೆ ಬೆಳಿಗ್ಗೆ ಗದರಿದ್ದೆ.
ಅವನು ಹಾಯಲಿಲ್ಲ.
ಇಲ್ಲಿ ನಿಲ್ಲು ಎಂದು ನಾನು ತೋರಿಸಿದ ಕಡೆಯೇ ನಿಂತಿದ್ದ.
ಕ್ರೇನಿನ ತೋಳು ಬಿದ್ದದ್ದು
ಅಲ್ಲಿಗೆ.

"ಹಲಗೆ ಎಲ್ಲಿ?" ಮತ್ತೆ ಕೇಳಿದಳು.
ನಾಲಗೆ ಏಳಲಿಲ್ಲ. ಕೈ ಎದ್ದಿತು,
ಗೇಟಿನ ಕಡೆ ಚಾಚಿತು.

ಅಲ್ಲಿ ಯಾರೋ ಕೂತು
ಬಿಸಿ ಲೋಟ ಊದುತ್ತಿದ್ದರು.