ಹಳೇದು ತೆಗೆದು

ಸೀಗೆಹಟ್ಟಿಯ ಆ ಓಣಿಗೆ ಸ್ಕೂಟರ್ ತಿರುಗಿಸಿದರೆ
ಮೊದಲು ಕಾಣುವುದು ಅವರ ಕೈಬರಹ:
ಹಿಟ್ಟಿನ ಗಿರಣಿ, ಹಾಲಿನ ಡೇರಿ, ಕಟಿಂಗ್ ಶಾಪು,
'ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ'.
ಎಲ್ಲದರ ಮೂಲೆಯಲ್ಲೂ ಇರುವೆ ಸಾಲಿನಷ್ಟು ಸಣ್ಣಗೆ
'ಮೌನ ಆರ್ಟ್ಸ್'.

ಬೋರ್ಡು ಬರೆಯುತ್ತಿದ್ದ ಮೌನೇಶಾಚಾರ್ರಿಗೆ
ಈಗ ಮಾತ್ರೆ ಗಂಟಲಲ್ಲಿ ಇಳಿಯದು.
ಅದಕ್ಕೇ ಈ ಪಟ್ಟಿ: ಬಸ್ ಟಿಕೆಟ್ಟಿಗಿಂತ ಚಿಕ್ಕದು,
ಅಂಟಿಸಿದ ಮೇಲೆ ಚರ್ಮವೋ ಪಟ್ಟಿಯೋ ತಿಳಿಯದಷ್ಟು ತಿಳಿ.
ಮೂರು ದಿನ ಒಳಗೊಳಗೇ ಇಳಿದು
ನೋವಿನ ಜತೆ ರಾಜಿ ಮಾತಾಡುತ್ತದೆ.
"ಇಷ್ಟು ಸಣ್ಣ ಬೋರ್ಡು ನಾನು ಬರೆದೇ ಇಲ್ಲ, ಸಿಸ್ಟರ್"
ಅಂದಿದ್ದರು ಮೊದಲ ದಿನ.

ತಪ್ಪು ನನ್ನದು. ಮೊದಲೇ ಹೇಳಿಬಿಡುತ್ತೇನೆ.

ಆ ಗುರುವಾರ ಅದು ಎಂಟನೆಯ ಮನೆ.
ಎದೆಯ ಬಲಕ್ಕೆ ಹೊಸದನ್ನು ಇಟ್ಟು
ಅಂಗೈ ಒತ್ತಿ ಮೂವತ್ತು ಎಣಿಸಿ
ಪುಸ್ತಕಕ್ಕೆ ಸಹಿ ಹಾಕಿ ಎದ್ದೆ.
ಸೋಮವಾರದ್ದು ಎಲ್ಲಿ?
ಎಡಕ್ಕಿರಲಿಲ್ಲ. ಬಿದ್ದುಹೋಗಿರಬೇಕು ಅಂದುಕೊಂಡೆ.

ಅಂದುಕೊಂಡೆ.
ನಮ್ಮ ಕಸುಬಿನಲ್ಲಿ ಇಷ್ಟು ಪಾಚಿಗಟ್ಟಿದ ಮೆಟ್ಟಿಲು
ಇನ್ನೊಂದಿಲ್ಲ.

ಎದೆ ಕೆಂಪಾಗಿದೆಯೆಂದು ಡಾಫ್ನಿ ಸಿಸ್ಟರ್
ಬೆನ್ನಿಗೆ ಹಾಕಿದ್ದಳು, ಎರಡು ರೆಕ್ಕೆ ಮೂಳೆಗಳ ನಡುವೆ.
ಬರೆದದ್ದು ಇಷ್ಟೇ: 'ಪಟ್ಟಿ ಹಾಕಿದೆ'.
ರಾತ್ರಿ ಚಳಿ. ಹೇಮಾವತಮ್ಮ ಗಂಡನ ಬೆನ್ನಿಗೆ
ಬಿಸಿನೀರಿನ ಚೀಲ ಒತ್ತರಿಸಿದರು, ಪ್ರೀತಿಯಿಂದ.
ಶಾಖಕ್ಕೆ ಔಷಧ ಓಡುತ್ತದೆಂದು
ಅವರಿಗೆ ಯಾರು ಹೇಳಿದ್ದರು? ನಾನಂತೂ ಅಲ್ಲ.

ಬೆಳಿಗ್ಗೆ ಫೋನು:
"ಕರೆದ್ರೆ ಹ್ಞೂಂ ಅಂತಾರೆ, ಮತ್ತೆ ಗೊರಕೆ.
ಎಷ್ಟು ದಿನ ಆಗಿತ್ತು ಇಷ್ಟು ಚೆನ್ನಾಗಿ ಮಲಗಿ."
ಆ 'ಚೆನ್ನಾಗಿ' ಕೇಳಿ ನನ್ನ ಕೈ ತಣ್ಣಗಾಯಿತು.

ಉಸಿರು ನಿಮಿಷಕ್ಕೆ ಏಳು.
ಕಣ್ಣಪಾಪೆ ಸಾಸಿವೆ.
ಎದೆಯದನ್ನು ಕಿತ್ತೆ. ಮಗ್ಗುಲಿಗೆ ಹೊರಳಿಸಿ
ಟಾರ್ಚನ್ನು ಓರೆಯಾಗಿ ಹಿಡಿದಾಗ
ಬೆನ್ನ ಮೇಲೆ, ಬಸವನಹುಳು ಹರಿದ ಜಾಡಿನಂತೆ
ಮಿನುಗಿತು ಇನ್ನೊಂದು.

ಆಂಬುಲೆನ್ಸು. ಇಂಜೆಕ್ಷನ್ನು. ವಾರ್ಡಿನ ಗಡಿಯಾರ.
ಸಂಜೆ ಅವರು ನೋವೆಂದು ನರಳಿದಾಗ
ಕಾರಿಡಾರಿಗೆ ಹೋಗಿ ಅತ್ತೆ,
ಅರ್ಧ ಸಂತೋಷಕ್ಕೆ, ಉಳಿದದ್ದು ನಾಚಿಕೆಗೆ.

ಹತ್ತು ದಿನದ ಮೇಲೆ ಮನೆಯಲ್ಲೇ ಕೂತು ಎಲ್ಲ ಹೇಳಿದೆ.
ಬಾಗಿಲಾಚೆ ಗಿರಣಿ ಬೀಸುತ್ತಿತ್ತು.
ಬಹಳ ಹೊತ್ತು ಬಿಟ್ಟು ಅಂದರು:
"ಒಂದ್ಸಲ ಬಿ.ಎಚ್. ರೋಡಲ್ಲಿ ಸಾರಾಯಿ ಅಂಗಡಿ ಬೋರ್ಡು ಕೆರೆಯದೆ
ಅದರ ಮೇಲೇ ಪುಸ್ತಕದಂಗಡಿ ಹೆಸರು ಬರೆದೆ. ಸೋಮಾರಿತನ.
ಏಪ್ರಿಲ್ ಬಿಸಿಲು ಬಿದ್ದದ್ದೇ ಅಡಿಯಿಂದ ಸಾರಾಯಿ ಎದ್ದು ಬಂತು!
ಹಳೇದು ಕೆರೆಯದೆ ಹೊಸದು ಬರೆದ್ರೆ
ಎರಡೂ ಓದಿಸಿಕೊಳ್ತವೆ, ಸಿಸ್ಟರ್."
ನಗಲು ಹೋಗಿ ಕೆಮ್ಮಿದರು. ನಾನು ನಗಲಿಲ್ಲ.

ಆಮೇಲೆ ಒಂದು ತಗಡಿನ ಚೂರು ಕೇಳಿದರು, ಕೆಂಪು ಬಣ್ಣ.
ನಾಲ್ಕು ದಿನ ಹಿಡಿಯಿತು, ನಡುಗುವ ಕೈಗೆ:
'ಹಳೇದು ತೆಗೆದು
ಆಮೇಲೆ ಹೊಸದು'.
ತೆಗೆದುವಿನ ದು ಕೊಂಚ ಜಾರಿದೆ.
ಅಳಿಸಿ ಬರೆಯಲು ಬಿಡಲಿಲ್ಲ ನಾನು.

ಈಗ ಮೈಯೆಲ್ಲ ಹುಡುಕುತ್ತೇನೆ, ಕಂಕುಳು, ತೋಳು, ಸೊಂಟ,
ಸಿಕ್ಕಿದ ಮೇಲೂ ಇನ್ನೊಮ್ಮೆ.
ಕಿತ್ತದ್ದನ್ನು ಅಂಟಿಗೆ ಅಂಟು ಸೇರಿಸಿ ಮಡಚಿ
ನನ್ನ ಡಬ್ಬಿಗೇ ಹಾಕಿ ಮುಚ್ಚುತ್ತೇನೆ:
ಮೊಮ್ಮಗಳು ಧೃತಿಗೆ ಮೂರು ವರ್ಷ,
ಅಜ್ಜಿಯ ಬಿಂದಿ, ಬಾಳೆಹಣ್ಣಿನ ಸ್ಟಿಕ್ಕರ್,
ಏನು ಸಿಕ್ಕರೂ ಹಣೆಗೆ.
ಬಿಸಿನೀರಿನ ಚೀಲ ಅಟ್ಟದ ಮೇಲಿದೆ.
ಅಂಟಿಸುವ ಮೊದಲೇ ಪಟ್ಟಿಯ ಮೇಲೆ ತಾರೀಖು.
ಅದನ್ನು ಮಾತ್ರ ಅವರೇ ಬರೆಯಬೇಕು.
"ನಿಮ್ಮ ಏಳಕ್ಕೆ ಬಾಲ ಸಾಲದು" ಅನ್ನುವರು.

ಫೆಬ್ರವರಿಯಲ್ಲಿ, ನಸುಕಿಗೆ, ಕೊನೆಯದನ್ನು ತೆಗೆದೆ.
ಹೋದವರ ಮೈಮೇಲೂ ಬಿಡುವಂತಿಲ್ಲ ಅದನ್ನು.
ತಾರೀಖು ಇತ್ತು. ತಿಂಗಳಿತ್ತು.
ಮೂಲೆಯಲ್ಲಿ, ಟಾರ್ಚಿಗೆ ಮಾತ್ರ ಕಾಣುವಷ್ಟು ಸಣ್ಣಗೆ
ಇನ್ನೂ ಏನೋ ಇತ್ತು.
ಓದಿ, ಮಡಚಿದೆ.